ಪಾರ್ಲರಿನವಳೂ ನಾನೂ ಮಾಡಿದ ಪತ್ತೇದಾರಿ

ತರೀಕೆರೆಯಂಥ ಊರಿನಲ್ಲಿ ಏನೂ ನಡೆಯುವುದಿಲ್ಲ ಅಂತ ಜನ ಹೇಳುತ್ತಾರೆ. ಏನೂ ನಡೆಯದ ಕಡೆಯೂ ಏನೋ ನಡೆದಿದೆ ಅಂತ ಪತ್ತೆ ಹಚ್ಚಲು ಹೋಗಿ, ಆಮೇಲೆ ತಲೆ ತಗ್ಗಿಸಿಕೊಂಡು ಮನೆಗೆ ಬರುವುದು ಮಾತ್ರ ನನಗೂ ನನ್ನ ಗೆಳತಿಗೂ ತಪ್ಪಿದ್ದೇ ಇಲ್ಲ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಅವಳು ನಮ್ಮ ಬೀದಿಯ ಕೊನೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಇಬ್ಬರಿಗೂ ಪತ್ತೇದಾರಿ ಕಾದಂಬರಿಯ ಹುಚ್ಚು. ಯಾವ ಪುಸ್ತಕ ತಂದರೂ ಮೊದಲು ಅವಳೇ ಓದುತ್ತಾಳೆ, ನನ್ನ ಕೈಗೆ ಕೊಡುವಾಗ ಕೊಲೆ ಮಾಡಿದವರು ಯಾರು ಅಂತಲೂ ಹೇಳಿಬಿಡುತ್ತಾಳೆ. ಅದಕ್ಕೇ ಇರಬೇಕು, ನಾನೇ ಏನಾದರೂ ಪತ್ತೆ ಹಚ್ಚಬೇಕು ಅನ್ನುವ ಆಸೆ ನನಗೆ ತೀರಿಲ್ಲ.

ಟಿಕ್ ಟಿಕ್

ಅಜ್ಜಂಪುರದಲ್ಲಿ ನಮ್ಮ ಕಾಲೇಜಿನವರೊಬ್ಬರ ಗೃಹಪ್ರವೇಶ. ಊಟ ಮುಗಿಸಿ ಇಬ್ಬರೂ ಬಸ್ಸು ಹತ್ತಿದೆವು. ಊರು ದಾಟುತ್ತಿದ್ದ ಹಾಗೆ ಪಾರ್ಲರಿನವಳು ನನ್ನ ಕೈ ಹಿಡಿದುಕೊಂಡಳು.

"ಸೀಟಿನ ಕೆಳಗೆ ಯಾರದೋ ಬ್ಯಾಗಿದೆ ಕಣೇ. ಕಿವಿಗೊಟ್ಟು ಕೇಳು."

ಕೇಳಿದೆ. ಟಿಕ್ ಟಿಕ್ ಅನ್ನುತ್ತಿತ್ತು.

ಅಕ್ಕಪಕ್ಕದವರನ್ನು ಕೇಳಿದೆವು. ಯಾರದೂ ಅಲ್ಲ. ಕಂಡಕ್ಟರಿಗೆ ಹೇಳಿದೆವು. ಬಸ್ಸು ನಿಂತಿತು. ಕೂಸು ಎತ್ತಿಕೊಂಡವರು, ತರಕಾರಿ ಮೂಟೆಯವರು ಎಲ್ಲರೂ ಬಿಸಿಲಿಗೆ ಇಳಿದು ರಸ್ತೆ ಪಕ್ಕದ ಹೊಲದಲ್ಲಿ ದೂರ ನಿಂತರು. ಪಾರ್ಲರಿನವಳು ಅವರಿಗೆ "ಇನ್ನೂ ಹಿಂದಕ್ಕೆ ಹೋಗಿ" ಅಂತ ಅಪ್ಪಣೆ ಕೊಡುತ್ತಿದ್ದಳು.

ಅಷ್ಟರಲ್ಲಿ ನನಗೆ ಫೋನು ಬಂತು. ಗೃಹಪ್ರವೇಶದ ಮನೆಯವರು. "ಮೇಡಂ, ಬ್ಯಾಗು ನೋಡಿದ್ರಾ? ನೀವು ಮಾತಲ್ಲಿ ಮುಳುಗಿದ್ರಂತೆ, ನಮ್ಮ ಹುಡುಗ ನಿಮ್ಮ ಸೀಟಿನ ಕೆಳಗೇ ಇಟ್ಟು ಬಂದ. ಹೋಳಿಗೆ ಇದೆ, ಇವತ್ತೇ ತಿಂದ್ಬಿಡಿ. ಜೊತೆಗೊಂದು ಗೋಡೆ ಗಡಿಯಾರ."

ಹೋಳಿಗೆಯನ್ನೆಲ್ಲ ಪ್ರಯಾಣಿಕರಿಗೆ ಹಂಚಿದೆ. ಹಾಗೆ ಮಾಡಿದ್ದರಿಂದ ಬೈಗುಳ ಸ್ವಲ್ಪ ಕಡಿಮೆಯಾಯಿತು. ಕಂಡಕ್ಟರು ಗಡಿಯಾರವನ್ನು ತಮ್ಮ ಕೈಗಡಿಯಾರದ ಪಕ್ಕ ಹಿಡಿದು ನೋಡಿ ನನಗೆ ಕೊಟ್ಟರು.

"ಇದು ಸರಿಯಾಗೇ ಇದೆ ಮೇಡಂ. ನಮ್ಮ ಬಸ್ಸೇ ಲೇಟು."

ಬೀಗ ಹಾಕಿದ ಮನೆ

ಎದುರು ಮನೆಯವರು ಕಡೂರಿಗೆ ಮದುವೆಗೆ ಹೋಗಿದ್ದರು. ಬಾಗಿಲಿಗೆ ಬೀಗ. ಮಧ್ಯಾಹ್ನ ಒಳಗಿನಿಂದ ಕೆಮ್ಮು ಕೇಳಿಸಿತು. ಪಾರ್ಲರಿನವಳನ್ನು ಕರೆದೆ. ಗಿರಾಕಿಯ ಮುಖಕ್ಕೆ ಹಚ್ಚಿದ್ದನ್ನು ಹಾಗೇ ಬಿಟ್ಟು ಓಡಿ ಬಂದಳು.

"ಯಾರು ಒಳಗೆ?" ಅಂತ ಬಾಗಿಲು ಬಡಿದೆವು. ಕೆಮ್ಮು ನಿಂತಿತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಬೀದಿಯವರನ್ನೆಲ್ಲ ಕೂಗಿ ಸೇರಿಸಿ, ಹಿತ್ತಿಲಿಗೊಂದಿಷ್ಟು ಜನರನ್ನು ಕಾವಲು ಹಾಕಿ, ಆ ಮನೆಯ ಮಗನಿಗೆ ಫೋನು ಮಾಡಿ, ಕಳ್ಳ ಹೊಕ್ಕಿದ್ದಾನೆ, ಬೇಗ ಬಾ ಅಂತ ಹೇಳಿ ಅವನು ಬಾಯಿ ತೆರೆಯುವ ಮೊದಲೇ ಇಟ್ಟುಬಿಟ್ಟೆವು. ಆತ ಮದುವೆ ಊಟದ ಎಲೆ ಬಿಟ್ಟು ಎದ್ದು ಬಂದು ಬೀಗ ತೆಗೆದ.

ಒಳಗೆ ಅವನ ತಂದೆ ಟಿವಿಯ ಧ್ವನಿ ಪೂರ್ತಿ ಇಳಿಸಿಕೊಂಡು ಕ್ರಿಕೆಟ್ ನೋಡುತ್ತ ಮಂಡಕ್ಕಿ ತಿನ್ನುತ್ತಿದ್ದರು.

"ಕ್ಷಮಿಸಿ ಅಕ್ಕಾ," ಅಂದ ಮಗ. "ಅಪ್ಪನೇ ಹೊರಗಿಂದ ಬೀಗ ಹಾಕ್ಕೊಂಡು ಹೋಗು ಅಂದ್ರು. ಹಿತ್ತಿಲ ಬಾಗಿಲಿಗೆ ಒಳಗಿಂದ ಚಿಲಕ ಹಾಕ್ಕೊಂಡಿದ್ರು. ಮ್ಯಾಚ್ ನೋಡೋವಾಗ ಯಾರಾದ್ರೂ ಬಂದು ಮಾತಾಡ್ತಾ ಕೂತ್ಬಿಡ್ತಾರೆ ಅಂತ."

"ಯಾರು ಹಾಗೆ ಬಂದು ಕೂರೋರು?" ಅಂತ ಪಾರ್ಲರಿನವಳು ಕೇಳಿಯೇಬಿಟ್ಟಳು.

ಮಗ ನೆಲ ನೋಡಿದ. ಹಿರಿಯರು ಮಂಡಕ್ಕಿ ನೋಡಿದರು. ಬೀದಿಯವರೆಲ್ಲ ನಮ್ಮಿಬ್ಬರನ್ನು ನೋಡಿದರು.

ಬೀರೂರಿನ ವರ

ಇದನ್ನು ನೆನೆಸಿಕೊಂಡರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಬೆಳಗಿನ ವಾಕಿಂಗಿಗೆ ನಮ್ಮ ಜೊತೆ ಮೂರನೆಯವಳೊಬ್ಬಳು ಬರುತ್ತಿದ್ದಳು. ಅಂಚೆ ಕಚೇರಿಯಲ್ಲಿ ಕೆಲಸ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇದ್ದಕ್ಕಿದ್ದ ಹಾಗೆ ಭಾನುವಾರ ಬರುವುದನ್ನು ಬಿಟ್ಟಳು. ಕೇಳಿದರೆ "ಏನೋ ಕೆಲಸ" ಅನ್ನುವಳು. ಒಂದು ದಿನ ಪಾರ್ಲರಿನವಳು ಸಪ್ಪೆ ಮುಖ ಮಾಡಿಕೊಂಡು ನಮ್ಮ ಮನೆಗೆ ಬಂದಳು.

"ಅವಳು ಕೂದಲಿಗೆ ಬಣ್ಣ ಹಾಕಿಸ್ಕೊಂಡಿದಾಳೆ ಕಣೇ. ನನ್ನ ಹತ್ರ ಅಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ವಿಷಯ ಸಣ್ಣದಲ್ಲ ಅಂತ ನನಗೂ ಅನಿಸಿತು.

ಮುಂದಿನ ಭಾನುವಾರ ಮಾಸ್ಕು ಹಾಕಿಕೊಂಡು, ತಲೆ ತುಂಬ ಸ್ಕಾರ್ಫು ಸುತ್ತಿಕೊಂಡು ಅವಳ ಹಿಂದೆಯೇ ರೈಲು ಹತ್ತಿದೆವು. ಅವಳು ಬೀರೂರಿನಲ್ಲಿ ಇಳಿದು ಒಂದು ಕಲ್ಯಾಣ ಮಂಟಪದೊಳಗೆ ಹೋದಳು. ನಾವೂ ನುಗ್ಗಿದೆವು. ಬಾಗಿಲಲ್ಲಿ ಕೂತಿದ್ದವರು ಕೇಳಿದರು, "ವಧುವಾ, ವಧುವಿನ ಕಡೆಯವರಾ?"

ಗಾಬರಿಯಲ್ಲಿ ಪಾರ್ಲರಿನವಳು "ವಧು" ಅಂದುಬಿಟ್ಟಳು.

ಅದು ಮರುಮದುವೆ ಆಗಬಯಸುವವರ ಸಮಾವೇಶ. ನಾವು ಕೂರುವುದರೊಳಗೆ ಮೈಕಿನಲ್ಲಿ, "ತರೀಕೆರೆಯಿಂದ ಇನ್ನೊಬ್ಬರು ವಧು ಬಂದಿದ್ದಾರೆ. ದಯವಿಟ್ಟು ವೇದಿಕೆಗೆ ಬಂದು ಪರಿಚಯ ಹೇಳಬೇಕು" ಅಂದರು. ಮುಂದಿನ ಸಾಲಿನಲ್ಲಿದ್ದ ಅಂಚೆಯವಳು ತಿರುಗಿ ನೋಡಿದಳು. ಮಾಸ್ಕಿನ ಮೇಲಿದ್ದ ನಮ್ಮ ಕಣ್ಣು ಅವಳಿಗೆ ಸಾಕಾಯಿತು. ಎದ್ದು ಬಂದು ಇಬ್ಬರನ್ನೂ ಹೊರಗೆ ಕರೆದುಕೊಂಡು ಹೋದಳು.

ಬೈಯುತ್ತಾಳೆ ಅಂದುಕೊಂಡಿದ್ದೆವು. ಬೈಯಲಿಲ್ಲ.

"ಈ ವಯಸ್ಸಲ್ಲಿ ಇವಳಿಗೇನು ಬಂತು ಅಂತ ನಗ್ತೀರೇನೋ ಅಂತ ಹೇಳ್ಲಿಲ್ಲ ಕಣ್ರೇ," ಅಂದಳು. "ಸಂಜೆ ಮನೆಗೆ ಹೋದ್ರೆ ಮಾತಾಡೋಕೆ ಯಾರೂ ಇಲ್ಲ."

ದಿನಾ ಜೊತೆಯಲ್ಲಿ ನಡೆದವರು ನಾವು. ಅವಳ ಕೂದಲ ಬಣ್ಣ ಕಂಡಿತ್ತು, ಇದು ಕಂಡಿರಲಿಲ್ಲ. ಇಬ್ಬರೂ ಮಾಸ್ಕು ಸ್ಕಾರ್ಫು ಬಿಚ್ಚಿ ಬ್ಯಾಗಿಗೆ ತುರುಕಿದೆವು. ಅವಳೇ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. "ಇವರು ಬೀರೂರಿನೋರೇ. ರೈಲ್ವೆಯಲ್ಲಿದ್ದು ರಿಟೈರಾಗಿದ್ದಾರೆ. ನನಗೆ ಒಪ್ಪಿಗೆ. ನೀವು ಹೇಗೂ ಸುಮ್ನಿರಲ್ಲ, ವಿಚಾರಿಸಿ ನೋಡಿ. ಯಾರಿಗೂ ಗೊತ್ತಾಗದ ಹಾಗೆ."

ಈ ಸಲ ತಪ್ಪಬಾರದು ಅಂತ ನಿರ್ಧಾರ ಮಾಡಿಕೊಂಡು ಒಂದು ಚಳಿಯ ಬೆಳಿಗ್ಗೆ ಅವರಿದ್ದ ಬೀದಿಯ ಟೀ ಅಂಗಡಿಗೆ ಹೋದೆವು. ಬೆಂಚಿನ ಮೇಲೆ ಮಂಕಿ ಟೋಪಿ ಹಾಕಿ ಶಾಲು ಹೊದ್ದವರೊಬ್ಬರು ಟೀ ಕುಡಿಯುತ್ತಿದ್ದರು. ಫೋಟೋ ತೋರಿಸಿ ಮೆಲ್ಲಗೆ ಕೇಳಿದೆ, "ಇವರು ಗೊತ್ತಾ ನಿಮಗೆ?"

ಅವರು ಫೋಟೋವನ್ನು ಬಹಳ ಹೊತ್ತು ನೋಡಿದರು. "ಗೊತ್ತು."

"ಕುಡೀತಾರಾ?" ಅಂದಳು ಪಾರ್ಲರಿನವಳು.

"ಟೀ ಜಾಸ್ತಿ."

"ಕೋಪ?"

"ಕೆಲಸದಲ್ಲಿದ್ದಾಗ ಇತ್ತು. ಈಗ ಯಾರ ಮೇಲೆ ಮಾಡೋದು, ಒಬ್ಬರೇ ಇರೋದು."

"ಗೊರಕೆ ಹೊಡೀತಾರಾ?"

"ಹೊಡೀತಾರೆ ಅಂತ ಕೇಳಿದೀನಿ. ನಾನು ಯಾವತ್ತೂ ಎಚ್ಚರ ಇದ್ದು ಕೇಳಿಲ್ಲ."

ನನಗೆ ಅರ್ಥವಾಗುವ ಹೊತ್ತಿಗೆ ಅವರು ಟೋಪಿ ತೆಗೆದು ಪಕ್ಕಕ್ಕಿಟ್ಟಿದ್ದರು. "ಫೋಟೋ ಜೊತೆ ಹೋಲಿಸಿ ನೋಡ್ಕೊಳ್ಳಿ. ಆಕೆಗೆ ಸ್ನೇಹಿತರು ಎಂಥೋರಿದ್ದಾರೆ ಅಂತ ನಾನೂ ವಿಚಾರಿಸ್ಬೇಕು ಅಂತಿದ್ದೆ. ಇನ್ನು ಬೇಡ ಬಿಡಿ."

ಸಿಕ್ಕಿದ ಮೊದಲ ರೈಲಿಗೇ ತರೀಕೆರೆಗೆ ಬಂದುಬಿಟ್ಟೆವು. ನಮ್ಮಿಂದ ಅಂಚೆಯವಳ ಮದುವೆ ಮುರಿಯಿತು ಅಂತಲೇ ನನ್ನ ಲೆಕ್ಕ. ಸಂಜೆ ಅವಳೇ ಫೋನು ಮಾಡಿದಳು. ಅವಳಿಗೆ ನಗು ತಡೆಯಲು ಆಗುತ್ತಿರಲಿಲ್ಲ. "ಒಪ್ಕೊಂಡ್ರು ಕಣೇ. ಆಕೆಗೋಸ್ಕರ ಇಷ್ಟು ನಾಚಿಕೆ ಬಿಟ್ಟು ಕೇಳೋರು ಇದ್ದಾರಲ್ಲ, ಹಾಗಿದ್ರೆ ಆಕೆ ಒಳ್ಳೆಯೋಳೇ ಇರ್ಬೇಕು ಅಂದ್ರಂತೆ."

ಮದುವೆ ಕಡೂರಿನಲ್ಲಿ, ರಿಜಿಸ್ಟರ್. ಮದುವೆಗೆ ಅವಳ ಕೂದಲಿಗೆ ಬಣ್ಣ ಹಾಕಿದ್ದು ನಮ್ಮ ಪಾರ್ಲರಿನವಳೇ. ಅಧಿಕಾರಿ "ಸಾಕ್ಷಿ ಯಾರು?" ಅಂದಾಗ ವರ ನಮ್ಮಿಬ್ಬರನ್ನು ಮುಂದಕ್ಕೆ ಬಿಟ್ಟರು.

"ಇವರನ್ನೇ ಹಾಕ್ಕೊಳ್ಳಿ ಸಾರ್. ಕರೀದಿದ್ರೂ ಎಲ್ಲಾದ್ರೂ ನಿಂತ್ಕೊಂಡು ನೋಡೇ ನೋಡ್ತಾರೆ."