ಎಂಟನೇ ಗೂಡಿನವರು

ಯಂತ್ರಕ್ಕೆ ಜೀವವಿಲ್ಲ ಎಂದು ಓದಿ ಪಾಸಾದವನು ನಾನು. ಆದರೂ ಎಂಬತ್ತರ ದಶಕದಲ್ಲಿ ಮಚ್ಛೆ ಎಂಬ ಊರಿನ ಒಂದು ಸಣ್ಣ ಕಂಪ್ಯೂಟರ್ ಕಾರ್ಖಾನೆಯಲ್ಲಿ ಇದ್ದಷ್ಟು ದಿನ ಜೀವವಿದ್ದಂತೆ ಆಡುವ ಯಂತ್ರಗಳೇ ನನ್ನ ಬೆನ್ನು ಹತ್ತಿದವು.

೧. ಒಳಗಿರುವುದು

ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಹಂಚು ಸುಡುವ ಭಟ್ಟಿ ನಡೆಸುತ್ತಿದ್ದ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಹೊಸದು ಬೇರೆ ಜಾತಿಯದು, ಹಳೆಯದರ ಭಾಷೆ ಅದಕ್ಕೆ ತಿಳಿಯದು. ಹಾಗಾಗಿ ಹೊಸದು ಥೇಟ್ ಹಳೆಯದರಂತೆಯೇ ನಡೆದುಕೊಳ್ಳುವ, ಅಂದರೆ ಹಳೆಯದನ್ನೇ ಹೊಸದರೊಳಗೆ ಕೂರಿಸುವ ಪ್ರೋಗ್ರಾಂ ಬರೆದೆ. ಭಟ್ಟಿಯ ಮಾಲೀಕರು ನೋಡಲು ಬಂದರು.

“ಸುಟ್ಟ ಮಶೀನು ಇದರಾಗ ಐತೇನ್ರಿ?”

“ಐತ್ರಿ. ಮೊದಲಿನಂಗ ಲೆಕ್ಕಾ ಮಾಡತೈತಿ.”

“ತಾ ಸತ್ತೀನಿ ಅಂತ ಅದಕ್ಕ ಗೊತ್ತೈತೇನು?”

“ಇಲ್ರಿ.”

ಮಾಲೀಕರು ದನಿ ತಗ್ಗಿಸಿದರು. “ಹೇಳಾಕ ಹೋಗಬ್ಯಾಡ್ರಿ ಮತ್ತ.”

೨. ಎಡೆ

ರಿಜಿಸ್ಟರ್ ಎಂದರೆ ಯಂತ್ರ ಅಂಕಿ ಇಟ್ಟುಕೊಳ್ಳುವ ಗೂಡು. ಹಳೆಯದಕ್ಕೆ ಏಳಿದ್ದವು, ಮುಂದೆ ಬರುವ ಯಂತ್ರಕ್ಕೆ ಎಷ್ಟಿರುತ್ತವೋ ಯಾರಿಗೆ ಗೊತ್ತು! ಅದಕ್ಕೇ ನಾನು ಗೂಡುಗಳನ್ನು ಎಣಿಸಿಡಲಿಲ್ಲ. ‘ನಿನ್ನಲ್ಲಿ ಏನೇನಿದೆ’ ಎಂದು ಯಂತ್ರವನ್ನೇ ಕೇಳಿ ಪರದೆಯ ಮೇಲೆ ಪಟ್ಟಿ ಹಾಕುವಂತೆ ಮಾಡಿದೆ. ಕೊನೆಗೆ, ಮುಂದೆ ಸೇರಬಹುದಾದ ಗೂಡಿಗೆಂದು ಹೆಸರಿಲ್ಲದ ಎಂಟನೇ ಸಾಲೊಂದನ್ನು ಖಾಲಿ ಬಿಟ್ಟೆ. ಬಲು ಜಾಣತನ ಎಂದುಕೊಂಡಿದ್ದೆ.

ಖಾನಾಪುರದಲ್ಲಿ ಜೋಡಿಸಿದಾಗ ಭಟ್ಟಿಯ ಮಿಸ್ತ್ರಿ ಕೇಳಿದ: “ಇದ್ಯಾರ ಜಾಗಾರಿ?”

“ಇನ್ನೂ ಬರದವರದು.”

ಅವನು ತಲೆಯಾಡಿಸಿದ. “ನಾವೂ ಹಿರ್ಯಾರಿಗೆ ಹಿಂಗ ಎಡಿ ತಗದಿಡತೀವ್ರಿ.”

ಹೋದ ವರ್ಷ ತೀರಿಕೊಂಡ ಹಿಂದಿನ ಮಿಸ್ತ್ರಿಯ ಹೆಸರಿನಲ್ಲಿ ಪರದೆಯ ಮುಂದೆ ಒಂದು ಕಪ್ ಚಹಾ ಇಟ್ಟ. ಅಷ್ಟರಲ್ಲಿ ಖಾಲಿ ಸಾಲಿನಲ್ಲಿ ಒಂದು ಅಂಕಿ ಮೂಡಿತು. ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ಮಿಸ್ತ್ರಿ ಮಾತ್ರ, “ಸಕ್ಕರಿ ಕಡಿಮಿ ಆತೋ ಏನೋ,” ಎಂದು ಇನ್ನೊಂದು ಚಮಚೆ ಹಾಕಿದ.

೩. ವೇಳೆ

ತಪ್ಪು ನನ್ನದೇ. ಆ ಸಾಲನ್ನು ಅಳಿಸಿಡುವುದನ್ನು ಮರೆತಿದ್ದೆ, ಪಕ್ಕದ ಅಂಕಿ ಅಲ್ಲಿ ನುಸುಳಿತ್ತು. ಸರಿಪಡಿಸಿದೆ. ಮರುದಿನ ಬೆಳಿಗ್ಗೆ ಸಾಲು ಖಾಲಿ ಇದ್ದದ್ದು ಕಂಡ ಮಿಸ್ತ್ರಿ, “ಹಿರ್ಯಾರನ್ನ ಓಡಿಸೀರಿ,” ಎಂದು ಭಟ್ಟಿ ಹೊತ್ತಿಸಲು ಒಪ್ಪಲಿಲ್ಲ.

ಮಾಲೀಕರು ನನ್ನತ್ತ ತಿರುಗಿದರು. “ಇವತ್ತ ಭಟ್ಟಿ ಹೊತ್ತಲಿಲ್ಲಂದ್ರ ನಿಮ್ಮ ಸಾಹೇಬ್ರಿಗೆ ಹೇಳಿ ನಿಮ್ಮನ್ನ ಕೆಲಸದಿಂದ ತಗಸತೀನಿ.”

ಹೆದರಿದೆ. ಸರಿಯಾಗಿ ತಾಸಿಗೊಮ್ಮೆ ಎಂಟನೇ ಸಾಲಿನಲ್ಲಿ ಅಂಕಿ ಮೂಡುವಂತೆ ಗುಟ್ಟಾಗಿ ಬರೆದೆ. ಎರಡು ತಾಸು ನೋಡಿದ ಮಿಸ್ತ್ರಿ ಕಡ್ಡಿಪೆಟ್ಟಿಗೆ ಕೆಳಗಿಟ್ಟ.

“ಹಿಂದಿನ ಮಿಸ್ತ್ರಿಯವರು ಬದುಕಿದ್ದಾಗ ಒಂದಿನಾನೂ ವ್ಯಾಳ್ಯಾಕ್ಕ ಬಂದವರಲ್ಲ. ಇದ್ಯಾರನ್ನ ಕರ್ಕೊಂಡ ಬಂದೀರಿ?”

ಮತ್ತೆ ಕೂತು ಇಪ್ಪತ್ತು ನಿಮಿಷದ ತಡ ಸೇರಿಸಿದೆ. ತಾಸು ತುಂಬಿ ಇಪ್ಪತ್ತಾಯಿತು, ಮೂವತ್ತಾಯಿತು, ಸಾಲು ಖಾಲಿ. ನಲವತ್ತನೇ ನಿಮಿಷಕ್ಕೆ ಅಂಕಿ ಬಂತು. ಮಿಸ್ತ್ರಿ ಖುಷಿಯಿಂದ ಭಟ್ಟಿ ಹೊತ್ತಿಸಿದ. ನನ್ನ ಕೆಲಸ ಉಳಿಯಿತು. ಬರೆದದ್ದನ್ನು ಮತ್ತೆ ತೆರೆದು ನೋಡಿದೆ, ಇಪ್ಪತ್ತೇ ಇತ್ತು.

“ನಾ ಇಪ್ಪತ್ತ ನಿಮಿಷ ತಡಾ ಮಾಡಿ ಬಾ ಅಂತ ಬರದಿದ್ದೆ,” ಎಂದು ಬಾಯಿ ಬಿಟ್ಟೆ.

“ಮಾಲೀಕರ ಮಾತ ಕೇಳತಿರಲಿಲ್ರಿ ಅವರು,” ಎಂದ ಮಿಸ್ತ್ರಿ. “ನಿಮ್ಮದ ಕೇಳತಾರೇನು?”