ಕಂಬ ಎತ್ತಿದ ಲಝರ್

ಆ ಶನಿವಾರ ರೇಡಿಯೊ ಕೆಟ್ಟಿದ್ದರೆ ಲಝರ್ ತನ್ನ ಪಾಡಿಗೆ ತಾನಿರುತ್ತಿದ್ದ. ಜೆರ್ಬಾ ದ್ವೀಪದ ಹೋಟೆಲಿನಲ್ಲಿ ಇಬ್ಬರು ಅಧ್ಯಕ್ಷರು ಒಂದು ಹಾಳೆಗೆ ಸಹಿ ಹಾಕಿದರಂತೆ. ಟುನೀಶಿಯಾ, ಲಿಬಿಯಾ ಇನ್ನು ಒಂದೇ ದೇಶವಂತೆ. ಲಝರ್ ಅವೆರಡರ ನಡುವಿನ ಒಂದು ಸಣ್ಣ ಗಡಿ ಠಾಣೆಯಲ್ಲಿ ಟುನೀಶಿಯಾದ ಗುಮಾಸ್ತ. ರಸ್ತೆಗೆ ಅಡ್ಡವಿದ್ದ ಕಂಬವನ್ನು ಹನ್ನೊಂದು ವರ್ಷದಿಂದ ಎತ್ತಿ ಇಳಿಸುತ್ತಿದ್ದವನು ಒಮ್ಮೆಯೂ ಆಚೆ ಕಾಲಿಟ್ಟಿರಲಿಲ್ಲ.

ಅರ್ಧ ಗಂಟೆಯಲ್ಲಿ ಊರೇ ಬಂದು ನೆರೆಯಿತು. ಕಾಫಿ ಅಂಗಡಿಯ ಮೊಂಜಿ, ಸಾವಿನ ಮನೆಗೆ ಬಂದವನಂತೆ ಲಝರನ ಕೈ ಹಿಡಿದುಕೊಂಡ.

"ಗಡಿನೇ ಹೋಯ್ತು. ಇನ್ನೇನು ಕಾಯ್ತೀಯ, ಮರಳನ್ನಾ? ನನ್ನಂಗಡೀಲಿ ಲೋಟ ತೊಳ್ಯೋಕೆ ಬಾ."

ಲಝರ್ ಕೈ ಬಿಡಿಸಿಕೊಂಡ. ಮೇಲಧಿಕಾರಿ ಹಮ್ಮಾದಿ ಸಾಹೇಬರ ಬಳಿಗೆ ಓಡಿದ. ರಾಜಧಾನಿಗೆ ಫೋನು ಮಾಡಿ ಮಾಡಿ ಅವರ ಬೆರಳು ಸವೆದಿತ್ತು. ಅಲ್ಲಿ ಎತ್ತುವವರೇ ಇರಲಿಲ್ಲ. ಕಂಬ ಎತ್ತಲೋ ಬೇಡವೋ ಎಂದು ಕೇಳಿದರೆ, ನಿನಗೆ ಸರಿ ಕಂಡಂತೆ ಮಾಡಪ್ಪ ಎಂದು ಹೇಳಿ ಹಲ್ಲುನೋವೆಂದು ಮನೆಗೆ ನಡೆದರು.

ಲಝರನಿಗೆ ಸರಿ ಕಾಣುವ ಮೊದಲೇ ಜನರಿಗೆ ಕಂಡಿತ್ತು. ಅವರ ನೂಕಾಟದಲ್ಲಿ ಅವನು ಕಂಬ ಎತ್ತಿದ. ಹೆಂಗಸರು ನಾಲಗೆ ಹೊರಳಿಸಿ ಕೇಕೆ ಹಾಕಿದರು. ಆಚೆ ಠಾಣೆಯ ಲಿಬಿಯಾದ ಕಾವಲುಗಾರ ಓಡಿ ಬಂದು ಅವನನ್ನು ಪಕ್ಕೆಲುಬು ನೋಯುವಂತೆ ತಬ್ಬಿಕೊಂಡ.

ಅಷ್ಟರಲ್ಲಿ ಹೆಂಡತಿ ಜೊಹ್ರಾ ಬುಟ್ಟಿಯೊಂದಿಗೆ ಬಂದಳು. ಅವಳ ತಂಗಿ ಮ್ನಿಯಾಳನ್ನು ಗಡಿಯಾಚೆಯ ಜುವಾರಾ ಪಟ್ಟಣಕ್ಕೆ ಕೊಟ್ಟು ಒಂಬತ್ತು ವರ್ಷ. ಜೊಹ್ರಾ ಈಗ ತುಂಬು ಬಸುರಿ, ಲಾರಿ ಹತ್ತುವಂತಿರಲಿಲ್ಲ.

"ನೀವಾದ್ರೂ ಹೋಗಿ ನೋಡ್ಕೊಂಡು ಬನ್ನಿ. ಇನ್ನು ಅದೂ ನಮ್ಮೂರೇ ತಾನೆ?"

ಹೋಗುವವನು ಒಬ್ಬ, ಕಳಿಸುವವರು ನೂರು. ಖಾರದ ಹರಿಸಾ ಚಟ್ನಿಯ ಡಬ್ಬಿಗಳು, ಆಲಿವ್ ಎಣ್ಣೆ, ಪತ್ರಗಳು, ಜೊತೆಗೆ ಮೊಂಜಿ ತನ್ನ ಅತ್ತಿಗೆಗೆಂದು ಕಟ್ಟಿಕೊಟ್ಟ ಜೀವಂತ ಹುಂಜ. ಅದು ದಾರಿಯುದ್ದಕ್ಕೂ ಲಝರನ ಕಿವಿಯಲ್ಲೇ ಕೂಗಿತು.

ಜುವಾರಾದಲ್ಲಿ ಷಡ್ಡಕ ಅವನನ್ನು ಮದುಮಗನಂತೆ ಇಳಿಸಿಕೊಂಡ. ಕುರಿಮಾಂಸ, ಮ್ಯಾಕರೋನಿ, ಮತ್ತೆ ಕುರಿಮಾಂಸ. ಮ್ನಿಯಾ ಅಕ್ಕನ ಸುದ್ದಿ ಕೇಳುತ್ತ ಅಳುತ್ತಿದ್ದಳು, ಅಳುತ್ತ ಬಡಿಸುತ್ತಿದ್ದಳು. ಅವರ ಮಾಳಿಗೆಯ ಮೇಲಿಂದ ಅದೇ ಸಮುದ್ರ ಕಾಣುತ್ತಿತ್ತು, ಅದೇ ಕರಿದ ಮೀನಿನ ವಾಸನೆ ಬರುತ್ತಿತ್ತು. ಇಷ್ಟಕ್ಕೇ ತಾನು ಹನ್ನೊಂದು ವರ್ಷ ಕಂಬ ಇಳಿಸಿದೆನೇ ಎಂದು ಲಝರನಿಗೆ ನಾಚಿಕೆಯಾಯಿತು. ಎರಡು ದಿನ ಅವನನ್ನು ಏಳಗೊಡಲಿಲ್ಲ.

ಮೂರನೆಯ ಬೆಳಿಗ್ಗೆ ಕಂಬಳಿ, ಚಹಾಪುಡಿ, ಕೂಸಿನ ಬಟ್ಟೆ ಹೊತ್ತು ಮರಳಿದ. ಲಿಬಿಯಾದ ಕಂಬ ದಾಟಿ ಬಂದರೆ ತನ್ನ ಠಾಣೆಯ ಕಂಬ ಇಳಿದಿದೆ. ಅದರ ಹಿಂದೆ ಅವನ ಕಿರಿಯ ಸಹೋದ್ಯೋಗಿ ಫರ್ಹಾತ್.

"ಮಾತು ಮುರಿದುಬಿತ್ತಂತೆ ಅಣ್ಣ. ಮತ್ತೆ ಎರಡು ದೇಶ ಆದ್ವು. ಪಾಸ್‌ಪೋರ್ಟ್ ಕೊಡಿ."

ಊರಿನವರಿಗೆಲ್ಲ ಮುದ್ರೆ ಒತ್ತಿದವನ ಬಳಿ ಪಾಸ್‌ಪೋರ್ಟೇ ಇರಲಿಲ್ಲ. ಹಿಂದಕ್ಕೆ ಹೋಗೋಣವೆಂದು ತಿರುಗಿದ. ಮೊನ್ನೆ ತಬ್ಬಿದ ಕಾವಲುಗಾರ ಬಹಳ ಮರ್ಯಾದೆಯಿಂದ ಆ ಕಂಬವನ್ನೂ ಇಳಿಸುತ್ತಿದ್ದ. ಎರಡರ ನಡುವೆ ಅರವತ್ತು ಹೆಜ್ಜೆ ಮರಳು, ಮಧ್ಯೆ ಲಝರ್. ಈಚೆಯಿಂದ ಜೊಹ್ರಾ ಹೊಟ್ಟೆ ಹಿಡಿದುಕೊಂಡು, ಬಗ್ಗಿ ಬಂದುಬಿಡಿ ಎಂದು ಸನ್ನೆ ಮಾಡುತ್ತಿದ್ದಳು; ಬಗ್ಗುವುದು ಹೇಗೆಂದು ಮೊಂಜಿ ಬಗ್ಗಿಯೇ ತೋರಿಸುತ್ತಿದ್ದ.

ಹಮ್ಮಾದಿ ಸಾಹೇಬರು ಒಂದು ಕಾಗದ ಹಿಡಿದು ಬಂದರು. ರಾಜಧಾನಿಯ ಆಜ್ಞೆ: ದಾಖಲೆಯಿಲ್ಲದೆ ದಾಟಿದವರ ಹೆಸರು, ಅವರನ್ನು ಬಿಟ್ಟ ನೌಕರನ ಹೆಸರು ಕೂಡಲೇ ಬೇಕು. ಕಾಗದವನ್ನು ಕಂಬದಡಿಯಿಂದ ಚಾಚಿದರು. ಲಝರ್ ಎರಡೂ ಕಡೆ ತನ್ನ ಹೆಸರನ್ನೇ ಬರೆದು ಕೊಟ್ಟ.

ಸಾಹೇಬರು ಓದಿದರು, ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.

"ಬಿಟ್ಟವನು ಇವತ್ತೇ ನನ್ನ ಆಫೀಸಿಗೆ ಬಂದು ಹೇಳಿಕೆ ಕೊಡ್ಬೇಕು, ಇಲ್ದಿದ್ರೆ ಕೆಲಸ ಹೋಗುತ್ತೆ" ಎಂದರು. "ದಾಟಿದವನನ್ನ ಮಾತ್ರ, ಬಿಟ್ಟವನ ಹೇಳಿಕೆ ಆಗೋವರೆಗೂ ಒಳಗೆ ಬಿಡೋ ಹಾಗಿಲ್ಲಪ್ಪ."