ನಮ್ಮ ಶಾಲೆ ಮುಚ್ಚುತ್ತಾರಂತೆ!

ಸದಾ ಹೆದರಿಕೊಂಡೇ ಇರುವವರಿಗೆ ನಗುವ ಸಂದರ್ಭಗಳೂ ಹೆಚ್ಚು ಸಿಗುತ್ತವೆಯೋ ಏನೋ. ನಾನು ದಿನಾ ಕಾರ್ಕಳದಿಂದ ಬಸ್ಸು ಹಿಡಿದು ಕಾಪು ಕಡೆಯ ಒಂದು ಕಡಲಬದಿಯ ಊರಿಗೆ ಬರುವ ಟೀಚರ್. ಅಲ್ಲಿಯ ಸರಕಾರಿ ಕನ್ನಡ ಶಾಲೆಗೆ ಮುಖ್ಯ ಶಿಕ್ಷಕಿ. ಮಕ್ಕಳು ಕಡಿಮೆಯಾದರು, ಶಾಲೆ ಮುಚ್ಚುತ್ತಾರಂತೆ ಎಂಬ ಸುದ್ದಿ ಪ್ರತಿ ಬೇಸಿಗೆಯಲ್ಲೂ ಏಳುತ್ತದೆ. ಆಮೇಲೆ ಕಂಡಕ್ಟರ್ "ಎಲ್ಲಿಗೆ?" ಎಂದು ಕೇಳಿದರೂ ನನಗೆ ವರ್ಗಾವಣೆಯದೇ ಯೋಚನೆ.

ಹೊಸ ವಿದ್ಯಾರ್ಥಿನಿ

ಮೇ ತಿಂಗಳ ಬಿಸಿಲಿನಲ್ಲಿ ಮಕ್ಕಳನ್ನು ಹುಡುಕಿಕೊಂಡು ಮನೆ ಮನೆ ತಿರುಗುತ್ತಿದ್ದೆ. ಮೀನು ಮಾರುವ ಅಜ್ಜಿಯೊಬ್ಬರು ಜಗಲಿಯಲ್ಲಿ ಕೂತಿದ್ದರು.

"ಒಂದನೇ ಕ್ಲಾಸಿಗೆ ಸೇರುವ ಮಕ್ಕಳು ಯಾರಾದರೂ ಇದ್ದಾರಾ ಅಜ್ಜಿ?"

"ಇದ್ದಾರೆ. ಎಲ್ಲ ವ್ಯಾನಿನಲ್ಲಿ ಇಂಗ್ಲಿಷ್ ಶಾಲೆಗೆ ಹೋಗ್ತಾರೆ."

ನಾನು ಬಿಡಲಿಲ್ಲ. ಪುಸ್ತಕ ಉಚಿತ, ಸಮವಸ್ತ್ರ ಉಚಿತ, ಮಧ್ಯಾಹ್ನ ಬಿಸಿಯೂಟ, ಜೊತೆಗೆ ಮೊಟ್ಟೆ ಎಂದು ಒಂದೇ ಉಸಿರಿಗೆ ಹೇಳಿದೆ. ಅಜ್ಜಿ ಮೀನಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

"ಹಾಗಾದರೆ ನನ್ನನ್ನು ಸೇರಿಸಿಕೊಳ್ಳಿ. ನಾನು ಶಾಲೆಯ ಮೆಟ್ಟಿಲು ಹತ್ತಿದವಳೇ ಅಲ್ಲ."

"ಅಜ್ಜಿ, ನಿಮ್ಮ ವಯಸ್ಸು..."

"ನಿಮಗೆ ಮಕ್ಕಳು ಬೇಕು, ನನಗೆ ಮೊಟ್ಟೆ ಬೇಕು. ನಡುವೆ ವಯಸ್ಸಿನ ವಿಷಯ ಯಾಕೆ ಟೀಚರ್?"

ಆಶ್ರಯ

ಜುಲೈಯಲ್ಲಿ ಕಡಲ್ಕೊರೆತ ಜೋರಾಯಿತು. ದಡದ ಮನೆಯವರನ್ನೆಲ್ಲ ಶಾಲೆಯಲ್ಲಿ ಇರಿಸಬೇಕೆಂದು ತಾಲೂಕು ಕಚೇರಿಯಿಂದ ಫೋನ್ ಬಂತು. ನಮ್ಮದು ಹಳೆಯ ಹಂಚಿನ ಮಾಡು. ಹಂಚು ಹೊತ್ತ ಮರದ ಪಕ್ಕಾಸುಗಳಿಗೆ ಗೆದ್ದಲು ಹಿಡಿದಿತ್ತು. ಜನ ಚಾಪೆ, ಪಾತ್ರೆ, ಕೋಳಿ ಸಮೇತ ಬಂದರು. ಅವರ ತಲೆಯ ಮೇಲೆ ಏನಾದರೂ ಬಿದ್ದರೆ ಎಂದು ನಾನು ಮೇಲೆ ನೋಡುತ್ತಲೇ ಓಡಾಡುತ್ತಿದ್ದೆ.

ದೋಣಿ ಕೆಲಸದ ಯಜಮಾನರೊಬ್ಬರೂ ಮೇಲೆ ನೋಡಿದರು. ಹೊರಗೆ ಹೋಗಿ ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದರು. ಮಳೆಯಲ್ಲೇ ಮಾಡು ಹತ್ತಿ ದೋಣಿಯ ಟಾರ್ಪಾಲು ಹೊದೆಸಿ, ಬಲೆಯ ಹಗ್ಗದಲ್ಲಿ ಬಿಗಿದು, ಒಳಗಿನಿಂದ ಕಂಬ ಕೊಟ್ಟು ನಿಲ್ಲಿಸಿದರು. ಕೆಳಗಿಳಿದು ಮುಖ ಒರೆಸಿಕೊಳ್ಳುತ್ತಾ ಕೇಳಿದರು:

"ಒಂದು ಮಾತು ಟೀಚರ್. ನಮ್ಮನ್ನು ಇಲ್ಲಿಗೆ ಕರೆದದ್ದು ನಮ್ಮನ್ನು ಉಳಿಸಲಿಕ್ಕಾ, ಶಾಲೆಯನ್ನು ಉಳಿಸಲಿಕ್ಕಾ?"

ಸಾಹೇಬರು

ಕೊನೆಗೂ ನಾನು ಹೆದರುತ್ತಿದ್ದ ದಿನ ಬಂತು. ಶಾಲೆ ಇರಬೇಕೋ ಬೇಡವೋ ಎಂದು ನೋಡಲು ಉಡುಪಿಯಿಂದ ಅಧಿಕಾರಿಯೊಬ್ಬರು ಹೇಳದೆ ಕೇಳದೆ ಬಂದಿಳಿದರು. ಅವತ್ತೇ ಖಾಲಿ ಕೋಣೆಯಲ್ಲಿ ಮಹಿಳಾ ಸಂಘದ ಸಭೆ, ಮೈದಾನದಲ್ಲಿ ಬಲೆ ರಿಪೇರಿ, ಜಗಲಿಯಲ್ಲಿ ಪ್ರತಿ ತಿಂಗಳಿನ ಆರೋಗ್ಯ ಶಿಬಿರ. ಪಾಠ ನಡೆಯುತ್ತಿದ್ದದ್ದು ಒಂದೇ ಕೋಣೆಯಲ್ಲಿ.

"ಇದು ಶಾಲೆಯಾ, ಸಂತೆಯಾ?" ಎಂದು ಸಾಹೇಬರು ಗುಡುಗಿದರು.

ಶಿಬಿರದ ಸಾಲಿನಲ್ಲಿದ್ದ ಹೆಂಗಸೊಬ್ಬರು ತಿರುಗಿ, "ಎಂತ ಮಾರಾಯ್ರೆ, ಬಿ.ಪಿ. ನೋಡಿಸಲಿಕ್ಕೆ ಬಂದವರು ಹೀಗೆ ಬೊಬ್ಬೆ ಹೊಡೀಬಾರ್ದು. ಕೂತುಕೊಳ್ಳಿ" ಎಂದು ಅವರನ್ನು ಹಿಡಿದು ಬೆಂಚಿನಲ್ಲಿ ಕೂರಿಸಿಯೇ ಬಿಟ್ಟರು. ಸಾಹೇಬರು ಬಾಯಿ ತೆರೆಯುವ ಮೊದಲೇ ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿದರು. ಸುತ್ತಿ ನೋಡಿದವರ ಮುಖ ಗಂಭೀರವಾಯಿತು.

"ತುಂಬ ಜಾಸ್ತಿ ಉಂಟು. ಸಿಟ್ಟು ಮಾಡಬೇಡಿ, ತನಿಖೆ ಗಿನಿಖೆ ಬೇಡ. ಸ್ವಲ್ಪ ಮಲಗಿ."

ನಾನು ಎರಡು ಬೆಂಚು ಜೋಡಿಸಿ ಕೊಟ್ಟೆ. ಕಡಲ ಗಾಳಿಗೆ ಸಾಹೇಬರು ಗೊರಕೆ ಹೊಡೆದರು. ಮಕ್ಕಳು ಪಿಸುಮಾತಿನಲ್ಲೇ ಮಗ್ಗಿ ಹೇಳಿದರು. ನಾನು ಮಾತ್ರ ಕಂಬ ಹಿಡಿದು ನಿಂತೇ ಇದ್ದೆ. ಎದ್ದವರು ಮಕ್ಕಳ ಪಂಕ್ತಿಯಲ್ಲೇ ಕೂತು ಊಟ ಮಾಡಿದರು. ಶಿಬಿರದ ಡಾಕ್ಟರರು ಮತ್ತೊಮ್ಮೆ ಪರೀಕ್ಷಿಸಿ ಮಾತ್ರೆ ಬರೆದುಕೊಟ್ಟರು.

ಜೀಪಿನ ತನಕ ಹಿಂದೆಯೇ ಹೋದೆ. ಇನ್ನು ತಡೆಯಲಾಗಲಿಲ್ಲ.

"ಸಾರ್, ಶಾಲೆ ಮುಚ್ಚುವ ವಿಷಯ ಎಂತ ಆಯಿತು?"

ಸಾಹೇಬರು ಗಾಬರಿಯಿಂದ ನನ್ನನ್ನೇ ನೋಡಿದರು.

"ಮುಚ್ಚುವುದಾ? ಅದು ಹೇಗಾಗ್ತದೆ? ಬರುವ ತಿಂಗಳು ನನಗೆ ಇಲ್ಲೇ ಬಿ.ಪಿ. ನೋಡಿಸಲಿಕ್ಕೆ ಉಂಟು!"